ಯುನಿಕ್ಸ್ ಸರ್ವರಿನಲ್ಲಿ ಡಿಸ್ಕಿನ ವಿಂಗಡಣೆ ಮತ್ತು ತಂತ್ರಾಂಶದ ಲೆಕ್ಕ: ಒಂದು ಚಾರಿತ್ರಿಕ ವಿವೇಚನೆ

ಪರೀಕ್ಷಾಂಕಗಳು, ಶಾಸನಗಳ ಛಾಯಾಪ್ರತಿಗಳು, ಸಂಶೋಧನ ಪ್ರಬಂಧಗಳು ಇಂದು ಕಾಲೇಜುಗಳ ಸರ್ವರುಗಳಲ್ಲಿ ಸಂಗ್ರಹವಾಗುತ್ತಿವೆ. ಇವುಗಳ ಕ್ಷೇಮಕ್ಕೆ ಆಧಾರವಾದ ಏರ್ಪಾಡುಗಳು ಎರಡು: ಡಿಸ್ಕನ್ನು ಪಾರ್ಟಿಷನ್ನುಗಳಾಗಿ ವಿಂಗಡಿಸುವುದು, ತಂತ್ರಾಂಶವನ್ನು ಪ್ಯಾಕೇಜುಗಳ ರೂಪದಲ್ಲಿ ಸ್ಥಾಪಿಸುವುದು. ಇವೆರಡನ್ನೂ ಬೇರೆಬೇರೆ ಪಾಠಗಳಾಗಿ ಬೋಧಿಸುವುದು ವಾಡಿಕೆ. ಆದರೆ ಇವು ಪರಸ್ಪರಾವಲಂಬಿಗಳೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು 1969ರಲ್ಲಿ ಯುನಿಕ್ಸಿನ ರಚನೆಗೆ ತೊಡಗಿದರು. ಮುಂದೆ ಅದು ನೆಲೆಗೊಂಡ ಪಿಡಿಪಿ-11 ಯಂತ್ರದ ಸ್ಮೃತಿ 24 ಕಿಲೋಬೈಟ್; ಡಿಸ್ಕು ಅರ್ಧ ಮೆಗಾಬೈಟ್ ಮಾತ್ರ. ಇನ್ನೊಂದು ಡಿಸ್ಕು ದೊರೆತಾಗ ಅದನ್ನು ‘ಯುಎಸ್‌ಆರ್’ ಎಂಬ ಹೆಸರಿನಲ್ಲಿ ಮೂಲವೃಕ್ಷಕ್ಕೆ ಜೋಡಿಸಲಾಯಿತು. ಬಳಕೆದಾರರ ಕಡತಗಳಿಗೆ ಮೀಸಲಾಗಿದ್ದ ಆ ಸ್ಥಳಕ್ಕೆ, ಮೊದಲನೆಯ ಡಿಸ್ಕು ತುಂಬಿದಂತೆ, ವ್ಯವಸ್ಥೆಯ ಕ್ರಮವಿಧಿಗಳೂ ಹರಿದುಬಂದವು. ಹೀಗೆ ಸ್ಥಳಾಭಾವದಿಂದ ಹುಟ್ಟಿದ ವಿಂಗಡಣೆ, ಅಭಾವವು ನೀಗಿದ ಮೇಲೆಯೂ ಸಂಪ್ರದಾಯವಾಗಿ ಉಳಿಯಿತು. 2012ರಲ್ಲಿ ಫೆಡೋರಾ 17 ಈ ಎರಡು ಕಡೆಯ ಕ್ರಮವಿಧಿಗಳನ್ನು ಒಂದುಗೂಡಿಸಿತು.

ಹಾಗಾದರೆ ಪಾರ್ಟಿಷನ್ನುಗಳೇ ಅನಾವಶ್ಯಕವಾದವೆ? ಇಲ್ಲ, ಅವುಗಳ ಪ್ರಯೋಜನ ಬದಲಾಯಿತು. ಇದಕ್ಕೆ ಸದೃಶವಾದ ನಿದರ್ಶನ ವಿಜಯಪುರದಲ್ಲಿಯೇ ಇದೆ. ಆದಿಲ್‌ಶಾಹಿ ಕಾಲದ ಬೇಗಂ ತಾಲಾಬಿನಿಂದ ನಗರಕ್ಕೆ ಬರುತ್ತಿದ್ದ ನೀರಿನ ಹಾದಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದ್ದರು. ಅವು ಕೊಳವೆಗಳ ಮೇಲಿನ ಒತ್ತಡವನ್ನು ತಗ್ಗಿಸಿ, ಹೂಳನ್ನು ತಡೆಯುತ್ತಿದ್ದವು. ಒಂದೆಡೆಯ ಭಾರ ಮುಂದಿನ ಭಾಗವನ್ನು ಬಾಧಿಸುತ್ತಿರಲಿಲ್ಲ. ದಿನಚರಿ ಕಡತಗಳು ಮಿತಿಮೀರಿ ಬೆಳೆದಾಗ ಅವುಗಳ ಪಾರ್ಟಿಷನ್ನು ಮಾತ್ರ ತುಂಬಿ, ಬಳಕೆದಾರರ ‘ಹೋಮ್’ ಭಾಗ ಸುರಕ್ಷಿತವಾಗಿ ಉಳಿಯುವುದೂ ಇದೇ ನ್ಯಾಯದಿಂದ.

ಪ್ಯಾಕೇಜಿನ ಹುಟ್ಟಿಗೆ ಕಾರಣ ಬೇರೆ. ಮೊದಲು ನಿರ್ವಾಹಕರು ತಂತ್ರಾಂಶವನ್ನು ತಾವೇ ಕಂಪೈಲ್ ಮಾಡಿ ಸ್ಥಾಪಿಸುತ್ತಿದ್ದರು. ಯಾವ ಕಡತ ಯಾವುದಕ್ಕೆ ಸೇರಿದುದೆಂಬ ಲೆಕ್ಕ ಉಳಿಯುತ್ತಿರಲಿಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ನಿನಲ್ಲಿ ಬೆಳೆದ ‘ಡಿಪಿಕೆಜಿ’ ಎಂಬ ಸಾಧನವು ಪ್ರತಿಯೊಂದು ಪ್ಯಾಕೇಜಿನ ಆವೃತ್ತಿ, ಕಡತಗಳು, ಅವಲಂಬನೆಗಳನ್ನು ದಾಖಲಿಸತೊಡಗಿತು. 1998ರಲ್ಲಿ ಬಂದ ‘ಆಪ್ಟ್’ ಆ ಅವಲಂಬನೆಗಳನ್ನು ತಾನೇ ಹುಡುಕಿ ತರುವುದನ್ನು ಸಾಧ್ಯವಾಗಿಸಿತು. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರವಿನ್ಯಾಸಗಳು ಡೆಬಿಯನ್ನಿನ ಪ್ಯಾಕೇಜುಗಳಾದುದು ಈ ದೃಷ್ಟಿಯಿಂದ ಗಮನಾರ್ಹ. ಬಬಲೇಶ್ವರದಲ್ಲಿರಲಿ, ಬರ್ಲಿನ್ನಿನಲ್ಲಿರಲಿ, ಒಂದೇ ಆಜ್ಞೆಯಿಂದ ಅವು ಯಂತ್ರಕ್ಕೆ ಬರುತ್ತವೆ.

ಈಗ ಇವೆರಡರ ಸಂಬಂಧ ಸ್ಪಷ್ಟವಾಗುತ್ತದೆ. ಡೆಬಿಯನ್ನಿನಲ್ಲಿ ದಿನಚರಿ ಕಡತಗಳು, ಆಪ್ಟ್ ಇಳಿಸಿಕೊಂಡ ಪ್ಯಾಕೇಜುಗಳು, ಡಿಪಿಕೆಜಿಯ ಲೆಕ್ಕ ಇವೆಲ್ಲವೂ ‘ವಾರ್’ ಎಂಬ ಒಂದೇ ಡೈರೆಕ್ಟರಿಯ ಕೆಳಗಿವೆ. ಅದರ ಪಾರ್ಟಿಷನ್ನು ಕಿರಿದಾಗಿದ್ದು ತುಂಬಿತೆಂದರೆ ರಕ್ಷಣೆಯ ಪರಿಷ್ಕರಣಗಳೂ ನಡುವೆಯೇ ನಿಲ್ಲುತ್ತವೆ. ಮೇರೆಯನ್ನು ತಪ್ಪಾಗಿ ಹಾಕಿದಲ್ಲಿ ಲೆಕ್ಕವೂ ಕೆಡುತ್ತದೆ. ಇದಕ್ಕೆ ಪ್ರತಿಯಾಗಿ, ಪ್ಯಾಕೇಜುಗಳ ಪಟ್ಟಿ ಕೈಯಲ್ಲಿದ್ದು ‘ಹೋಮ್’ ಪ್ರತ್ಯೇಕವಾಗಿದ್ದರೆ, ಕೆಟ್ಟ ವ್ಯವಸ್ಥೆಯನ್ನು ಪುನಃ ಕಟ್ಟಬಹುದು. ವಿದ್ಯಾರ್ಥಿಯ ಪ್ರಬಂಧ ಅಳಿಯುವುದಿಲ್ಲ.

ಆದರೆ ಡಿಸ್ಕೇ ಕೆಟ್ಟರೆ ಅದರ ಎಲ್ಲ ಪಾರ್ಟಿಷನ್ನುಗಳೂ ಕೆಡುವುವು. ಆದಕಾರಣ ವಿಂಗಡಣೆ, ಲೆಕ್ಕ ಇವುಗಳ ಜೊತೆಗೆ ಬೇರೊಂದೆಡೆ ಇಟ್ಟ ಪ್ರತಿಯೂ ಅವಶ್ಯ. ಈ ಮೂರೂ ಇರುವ ಸರ್ವರನ್ನು ಮಾತ್ರ ನಾವು ಗ್ರಂಥಭಂಡಾರವೆಂದು ನಂಬಬಹುದು.