ಮೆಂಡೆಲ್‌ಗೆ ಕೈಕೊಟ್ಟ ಹಳದಿ ಹೂವು

ಮೆಂಡೆಲ್ ಅಂದ್ರೆ ಬಟಾಣಿ ಅಂತ ಹೈಸ್ಕೂಲಿನಲ್ಲಿ ಎಲ್ಲರೂ ಓದಿರ್ತೀವಿ. ಉದ್ದ ಗಿಡವನ್ನೂ ಗಿಡ್ಡ ಗಿಡವನ್ನೂ ಕ್ರಾಸ್ ಮಾಡಿದ. ಮೊದಲ ಪೀಳಿಗೆಯಲ್ಲಿ ಎಲ್ಲವೂ ಉದ್ದ. ಎರಡನೇ ಪೀಳಿಗೆಯ 1064 ಗಿಡಗಳಲ್ಲಿ 787 ಉದ್ದ, 277 ಗಿಡ್ಡ. 1865ರಲ್ಲಿ, ಈಗಿನ ಚೆಕ್ ದೇಶದ ಬರ್ನೋ ಊರಿನಲ್ಲಿ ಈ ಲೆಕ್ಕವನ್ನು ವಿದ್ವಾಂಸರ ಮುಂದೆ ಇಟ್ಟ. ನಮ್ಮ ಪಾಠ ಅಲ್ಲಿಗೆ ಮುಗಿಯುತ್ತೆ, ಮೆಂಡೆಲ್ ಕತೆ ಮುಗಿಯಲ್ಲ.

ಬಟಾಣಿಯಲ್ಲಿ ಕಂಡ ನಿಯಮ ಬೇರೆ ಗಿಡಗಳಲ್ಲೂ ನಡೆಯುತ್ತಾ ಅಂತ ನೋಡಬೇಕಿತ್ತು. ಆರಿಸಿಕೊಂಡಿದ್ದು ಹಾಕ್‌ವೀಡ್ ಅನ್ನೋ ಹಳದಿ ಹೂವಿನ ಕಳೆ. ಮ್ಯೂನಿಕ್‌ನ ಪ್ರೊಫೆಸರ್ ನೇಗೆಲಿ ಈ ಗಿಡದ ಪಂಡಿತ. ಅವನೇ ಮೆಂಡೆಲ್‌ನ ದಾರಿ ತಪ್ಪಿಸಿದ ಅನ್ನೋ ಮಾತಿದೆ. ಆದರೆ 1866ರ ಕೊನೆಯಲ್ಲಿ ನೇಗೆಲಿಗೆ ಬರೆದ ಮೊದಲ ಪತ್ರದಲ್ಲೇ ಮೆಂಡೆಲ್ ಈ ಗಿಡದ ಹೆಸರೆತ್ತಿದ್ದ.

ಕೆಲಸ ಸುಲಭದ್ದಲ್ಲ. ಸೂರ್ಯಕಾಂತಿಯ ಹಾಗೆ ಇಲ್ಲೂ ಒಂದು ಹೂವಿನೊಳಗೆ ಹತ್ತಾರು ಪುಟ್ಟ ಹೂಗಳು. ಕನ್ನಡಿಯಿಂದ ಬೆಳಕು ಬಿಟ್ಟುಕೊಂಡು, ಮಸೂರ ಹಿಡಿದು ಒಂದೊಂದರ ಕೇಸರ ಕೀಳಬೇಕು. ಮೆಂಡೆಲ್‌ನ ಕಣ್ಣೇ ಸೋತವು. ಬಂದ ಫಲಿತಾಂಶವೋ ಬಟಾಣಿಗೆ ಪೂರ್ತಿ ಉಲ್ಟಾ: ಮೊದಲ ಪೀಳಿಗೆಯ ಮಿಶ್ರತಳಿಗಳೇ ಒಂದಕ್ಕಿಂತ ಒಂದು ಬೇರೆ, ಆದರೆ ಅವುಗಳ ಮಕ್ಕಳು ಥೇಟ್ ತಾಯಿಯ ಹಾಗೆ. 1869ರಲ್ಲಿ ಇದನ್ನೂ ಮುಚ್ಚಿಡದೆ ಓದಿ ಹೇಳಿದ. ಅಷ್ಟರಲ್ಲಿ ಮಠದ ಮುಖ್ಯಸ್ಥನಾಗಿದ್ದ, ಆಡಳಿತದ ಹೊರೆ ಹೆಗಲೇರಿತ್ತು. 1884ರಲ್ಲಿ ತೀರಿಕೊಂಡ. ಗುಟ್ಟು ಅವನಿಗೆ ತಿಳಿಯಲೇ ಇಲ್ಲ.

ಗುಟ್ಟು ಬಯಲಾಗಿದ್ದು 1903ರ ಹೊತ್ತಿಗೆ. ಡೆನ್ಮಾರ್ಕಿನ ಓಸ್ಟೆನ್‌ಫೆಲ್ಡ್ ಮತ್ತು ರೌಂಕಿಯೇರ್ ಹಾಕ್‌ವೀಡ್ ಮೊಗ್ಗಿನ ಮೇಲ್ಭಾಗ ಕತ್ತರಿಸಿ, ಕೇಸರವನ್ನೂ ಪರಾಗ ಹಿಡಿಯುವ ತುದಿಯನ್ನೂ ತೆಗೆದುಬಿಟ್ಟರು. ಆದರೂ ಬೀಜ ಕಟ್ಟಿತು!

ಬಟಾಣಿಯಲ್ಲಿ 14 ವರ್ಣತಂತುಗಳು. ಅಂಡಕ್ಕೆ 7, ಪರಾಗಕ್ಕೆ 7, ಸೇರಿದಾಗ ಮತ್ತೆ 14. ಇಸ್ಪೀಟು ಕಲಸಿ ಹಂಚಿದ ಹಾಗೆ. ಹಾಕ್‌ವೀಡ್‌ನಲ್ಲಿ ಹೆಚ್ಚಾಗಿ ಈ ಅರ್ಧ ಮಾಡುವ ಹಂತವೇ ಇಲ್ಲ. ತಾಯಿಯ ಒಂದು ಜೀವಕೋಶ ಅಷ್ಟೂ ವರ್ಣತಂತುಗಳ ಸಮೇತ ಅಂಡದ ಜಾಗಕ್ಕೆ ಬಂದು, ಪರಾಗ ಸೇರದೆಯೇ ಭ್ರೂಣವಾಗುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಶುದ್ಧ ಕಾಪಿ-ಪೇಸ್ಟ್. ಇದರ ಹೆಸರು ಅಪೊಮಿಕ್ಸಿಸ್.

ಮೆಂಡೆಲ್‌ಗೆ ಕೈಕೊಟ್ಟ ಈ ಗುಣವೇ ಈಗ ವಿಜ್ಞಾನಿಗಳಿಗೆ ಬೇಕಾಗಿದೆ. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನೇ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಬೆಳೆ ಒಂದೇ ಸಮ ಬರಲ್ಲ, ಇಳುವರಿ ಬೀಳುತ್ತೆ. ಇಸ್ಪೀಟು ಮತ್ತೆ ಕಲಸಿಹೋಗಿರುತ್ತೆ. ಅದಕ್ಕೇ ನಮ್ಮ ರೈತ ಪ್ರತಿ ಮುಂಗಾರಿಗೂ ಅಂಗಡಿ ಮುಂದೆ ನಿಲ್ಲೋದು. 2018ರ ಕೊನೆಗೆ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇಮ್ತಿಯಾಜ್ ಖಾಂಡೇ, ವೆಂಕಟೇಶನ್ ಸುಂದರೇಶನ್ ಮತ್ತು ಸಂಗಡಿಗರು ಭತ್ತದ ಜೀನ್ ತಿದ್ದಿ ತಾಯಿಯ ನಕಲಿನಂಥ ಬೀಜ ಪಡೆದ ಸುದ್ದಿ ಪ್ರಕಟಿಸಿದರು. ಕಟ್ಟಿದ ಬೀಜವೆಲ್ಲ ಹಾಗಿರಲಿಲ್ಲ, ಒಂದು ಪಾಲು ಮಾತ್ರ.

ಆ ಪಾಲು ಪೂರ್ತಿಯಾದರೆ ಹೈಬ್ರಿಡ್ ಬೀಜವನ್ನೂ ರೈತ ಮನೆಯ ಕಣಜದಿಂದಲೇ ಬಿತ್ತಬಹುದು. ಹಾಗೆ ಬಿತ್ತೋ ಹಕ್ಕು ಅವನ ಕೈಯಲ್ಲೇ ಉಳಿಯುತ್ತಾ, ಪೇಟೆಂಟ್ ಇಟ್ಟುಕೊಂಡವರ ಪಾಲಾಗುತ್ತಾ? ಅದನ್ನ ವರ್ಣತಂತು ತೀರ್ಮಾನ ಮಾಡಲ್ಲ, ನಾವೇ ಮಾಡಬೇಕು.