ಗಜಶಾಲೆಯೂ ಗಾಜಿನ ಮನೆಯೂ

ಹಂಪೆಯ ಕಮಲಮಹಲಿನ ಆವರಣವನ್ನು ದಾಟಿ ಪೂರ್ವದಿಕ್ಕಿನ ಬಯಲಿಗೆ ಬಂದವರಿಗೆ, ಪಶ್ಚಿಮಾಭಿಮುಖವಾಗಿ ಒಂದೇ ಸಾಲಿನಲ್ಲಿ ನಿಂತಿರುವ 11 ಅಂಕಣಗಳ ದೀರ್ಘವಾದ ಕಟ್ಟಡವೊಂದು ಎದುರಾಗುತ್ತದೆ. ನಡುವಣ ಅಂಕಣದ ಮೇಲೆ ಈಗ ಶಿಥಿಲವಾಗಿರುವ ಉಪ್ಪರಿಗೆ. ಅದರ ಎಡಬಲಗಳಲ್ಲಿ ಐದೈದು ಗುಮ್ಮಟಗಳು, ಒಂದು ನುಣುಪಾಗಿ ದುಂಡಗೆ, ಇನ್ನೊಂದು ಏಣುಏಣಾಗಿ, ಮತ್ತೊಂದು ಎಂಟು ಮೂಲೆಯಾಗಿ, ಆದರೂ ಎಡಕ್ಕಿರುವುದೇ ಬಲಕ್ಕೂ ಇರುವಂತೆ ಸರಿಜೋಡಿಯಾಗಿ ಕುಳಿತಿವೆ. ಇದನ್ನು ಜನ ಗಜಶಾಲೆಯೆನ್ನುತ್ತಾರೆ. ಪರಂಪರೆಯಿಂದ ಬಂದ ಆ ಹೆಸರೇ ಇಲ್ಲಿ ಮುಖ್ಯ ಪ್ರಮಾಣ. ಮನುಷ್ಯೇತರ ಜೀವಿಗೆ ಮನುಷ್ಯನು ಕಟ್ಟಿಕೊಟ್ಟ ಮನೆಗಳಲ್ಲಿ ಇಷ್ಟು ಠೀವಿಯದು ಕನ್ನಡನಾಡಿನಲ್ಲಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಗಾಜಿನ ಪೆಟ್ಟಿಗೆಯಲ್ಲಿ ಮರಗಪ್ಪೆಯನ್ನು ಸಾಕುವ ಹವ್ಯಾಸದ ವಾರ್ತೆ ಹೊರನಾಡುಗಳಿಂದ ನಮ್ಮ ಪಟ್ಟಣಗಳ ಹುಡುಗರವರೆಗೂ ತಲಪಿರುವ ಈ ಕಾಲದಲ್ಲಿ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಪ್ರಾಣಿಗೆ ಮನೆ ಕಟ್ಟುವ ಕಾರ್ಯ ಹೇಗೆ ನಡೆದುಬಂದಿತೆಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಎರಡನೆಯ ದೇವರಾಯನು ಆಳುತ್ತಿದ್ದಾಗ, 1443ರಲ್ಲಿ, ತೈಮೂರನ ಮಗನಾದ ಷಾಹರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು, ಅರಮನೆಯ ಆನೆಗಳ ವಸತಿಯನ್ನೂ ಆಹಾರವನ್ನೂ ಬಹು ಕುತೂಹಲದಿಂದ ವರ್ಣಿಸಿದ್ದಾನೆ. ಒಂದೊಂದು ಆನೆಗೂ ಪ್ರತ್ಯೇಕವಾದ ಕೋಣೆ; ಗೋಡೆಗಳು ಅತ್ಯಂತ ಭದ್ರ; ಮೇಲೆ ಬಲವಾದ ಮರದ ಛಾವಣಿ; ಆನೆಯ ಕೊರಳಿಗೂ ಬೆನ್ನಿಗೂ ಬಿಗಿದ ಸರಪಳಿಗಳ ತುದಿಯನ್ನು ಆ ಛಾವಣಿಗೇ ಕಟ್ಟಿರುತ್ತಿದ್ದರು, ಏಕೆಂದರೆ ಬೇರೆಲ್ಲಿ ಕಟ್ಟಿದರೂ ಆ ಬುದ್ಧಿವಂತ ಪ್ರಾಣಿ ಅದನ್ನು ಸಲೀಸಾಗಿ ಬಿಡಿಸಿಕೊಳ್ಳುತ್ತಿತ್ತು. ಊಟದ ಕ್ರಮವಂತೂ ಇನ್ನೂ ಸ್ವಾರಸ್ಯವಾದುದು. ಕಿಚಡಿಯನ್ನು ಬೇಯಿಸಿ, ಆನೆಯ ಕಣ್ಣೆದುರಿಗೇ ಹಂಡೆಯಿಂದ ತೆಗೆದು, ಉಪ್ಪು ಚಿಮುಕಿಸಿ, ಸಕ್ಕರೆ ಬೆರೆಸಿ, ದೊಡ್ಡ ದೊಡ್ಡ ಉಂಡೆಗಳನ್ನು ಕಟ್ಟಿ, ಬೆಣ್ಣೆಯಲ್ಲದ್ದಿ, ಕೈಯಿಂದಲೇ ಬಾಯಿಗಿಡುವುದು. ಈ ಪದಾರ್ಥಗಳಲ್ಲಿ ಒಂದು ಮರೆತುಹೋದರೂ ಆನೆ ಮಾವುತನ ಮೇಲೆ ಬೀಳುವುದು, ಅದು ಸಾಲದೆಂಬಂತೆ ಅರಸನೂ ಅವನನ್ನು ದಂಡಿಸುವುದು. ಉಪ್ಪು ಮರೆತ ಆ ಮಾವುತನ ಪಾಡನ್ನು ನೆನೆದರೆ ಯಾರಿಗಾದರೂ ಕನಿಕರವುಂಟಾದೀತು. ಅಂದಹಾಗೆ, ರಜಾಕನು ಕಂಡದ್ದು ಮರದ ಛಾವಣಿ, ನಾವಿಂದು ಕಾಣುವುದು ಗಾರೆಯ ಗುಮ್ಮಟ. ಆದ್ದರಿಂದ ಅವನು ನಿಂತು ನೋಡಿದ ಶಾಲೆಯೇ ಇದೆಂದು ಮಾರ್ಗದರ್ಶಕರು ಹೇಳಿದರೆ ಸ್ವಲ್ಪ ಅನುಮಾನಿಸುವುದು ಲೇಸು.

ಆನೆಯನ್ನು ಹಿಡಿದು ಪಳಗಿಸುವ ಉಪಾಯವನ್ನೂ ಆತನೇ ಬರೆದಿದ್ದಾನೆ. ಆನೆ ನೀರಿಗೆ ಹೋಗುವ ದಾರಿಯಲ್ಲಿ ಗುಂಡಿ ತೋಡಿ ಹಗುರವಾಗಿ ಮುಚ್ಚಿರುತ್ತಾರೆ. ಬಿದ್ದ ಆನೆಯನ್ನು ಒಬ್ಬನು ಬಂದು ಕೋಲಿನಿಂದ ಬಡಿಯುತ್ತಾನೆ. ಅಷ್ಟರಲ್ಲಿ ಇನ್ನೊಬ್ಬನು ಬಂದು ಬಡಿದವನನ್ನು ಓಡಿಸಿ, ಮೇವು ಕೊಟ್ಟು ಹೋಗುತ್ತಾನೆ. ಹೀಗೆ ಕೆಲವು ದಿನ ನಡೆದ ಮೇಲೆ ಆನೆ ಆ ಎರಡನೆಯವನನ್ನು ತನ್ನ ಬಂಧುವೆಂದೇ ನಂಬಿ ಅವನ ಹಿಂದೆ ಬರುತ್ತದೆ. ಬಡಿದವನೂ ಬಿಡಿಸಿದವನೂ ಒಂದೇ ಸಂಬಳದ ಪಟ್ಟಿಯಲ್ಲಿದ್ದವರೆಂಬುದು ಆನೆಗೆ ತಿಳಿಯುವ ಬಗೆಯಿಲ್ಲ. ಮುಂದಿನ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು, ಅರಸನ ಸ್ವಂತಕ್ಕೆ 800 ಆನೆಗಳೂ ಲಾಯದಲ್ಲಿ ಸದಾ 500 ಕುದುರೆಗಳೂ ಇದ್ದುವೆಂದೂ, ರಾಜಧಾನಿಯ ಹುಟ್ಟುವಳಿಯನ್ನು ಇವುಗಳ ವೆಚ್ಚಕ್ಕೇ ಮೀಸಲಿಟ್ಟಿದ್ದರೆಂದೂ ಹೇಳುತ್ತಾನೆ. ಒಂದು ಮಹಾನಗರದ ಆದಾಯವೆಲ್ಲ ಪ್ರಾಣಿಗಳ ಮೇವಿಗೆ ಸಲ್ಲುತ್ತಿದ್ದ ಮೇಲೆ ಅಕ್ಕರೆಗೆ ಕೊರತೆಯಿತ್ತೆನ್ನುವಂತಿಲ್ಲ. ಆದರೂ ಆ ಮನೆಗಳನ್ನು ಕಟ್ಟಿದವರ ದೃಷ್ಟಿ ಯುದ್ಧ ಮತ್ತು ಮೆರವಣಿಗೆಗಳ ಮೇಲಿತ್ತೇ ಹೊರತು ಪ್ರಾಣಿಯ ಹುಟ್ಟುನೆಲೆಯ ಮೇಲಿರಲಿಲ್ಲ.

ಕಪ್ಪೆಗಾಗಿ ಯಾವ ಅರಸನೂ ಒಂದು ಕಲ್ಲನ್ನೂ ಇಡಲಿಲ್ಲ. ಹಾಗಿದ್ದರೂ ವಿಜಯನಗರದ ಕಟ್ಟೋಣದಿಂದ ಬೇರಾವ ಪ್ರಾಣಿಗೂ ಆಗದಷ್ಟು ಉಪಕಾರ ಅದಕ್ಕೇ ಆಯಿತೆಂದರೆ ವಿಚಿತ್ರವೆನಿಸಬಹುದು. ಬಂಡೆಗಳು ಕಾದ ಹಂಚಿನಂತಾಗುವ ಈ ಒಣ ಸೀಮೆಯಲ್ಲಿ, ತುಂಗಭದ್ರೆಗೆ ಅಡ್ಡಲಾಗಿ ಅಣೆಗಳನ್ನು ಹಾಕಿ, ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತು ಕಾಲುವೆ, ರಾಮಸಾಗರದ ಕಾಲುವೆ, ಕಂಪ್ಲಿಯ ಕಾಲುವೆ ಎಂದು ಮುಂತಾಗಿ ನೀರನ್ನು ಬೆಟ್ಟಗಳ ಬುಡ ಬಳಸಿ ಹರಿಸಿದವರು ಆ ಕಾಲದವರು. ಇವುಗಳಲ್ಲಿ ಹಲವು ಇಂದಿಗೂ ಬತ್ತ, ಬಾಳೆ, ಕಬ್ಬುಗಳಿಗೆ ನೀರುಣಿಸುತ್ತಿವೆ. ಇಂದಿನ ಹೊಸಪೇಟೆಯ ನೆಲದಲ್ಲಿ ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರದ ಕೆರೆಯ ಕೆಲಸವನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸನು ಕಣ್ಣಾರೆ ಕಂಡಿದ್ದಾನೆ: ಗುಡ್ಡವೊಂದನ್ನು ಕಡಿದು ನೆಲ ಮಾಡಿದ ಆ ಸ್ಥಳದಲ್ಲಿ 15ರಿಂದ 20 ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡಿದ್ದರೆಂದು ಅವನ ಲೆಕ್ಕ. ಕಟ್ಟೆ ಎರಡು ಮೂರು ಬಾರಿ ಒಡೆದಾಗ ನರಬಲಿ ಕೊಟ್ಟರೆಂಬ ಘೋರವಾದ ಮಾತೂ ಅವನ ಬರಹದಲ್ಲಿದೆ. ಅಂಥ ಬೆಲೆ ತೆತ್ತು ತಂದ ನೀರಿನ ಅಂಚಿನಲ್ಲಿ ಜೊಂಡು ಬೆಳೆಯಿತು, ಬಾಳೆ ಎದ್ದಿತು, ಹುಳುಹುಪ್ಪಟೆ ಹೆಚ್ಚಿತು; ಮರಗಪ್ಪೆಗೆ ಬೇಕಾದುದೆಲ್ಲ ಯಾರೂ ಉದ್ದೇಶಿಸದೆಯೆ ಒದಗಿಬಂದಿತು. ಸಂಡೂರಿನ ಕಣಿವೆಯ ಮಾತು ಬೇರೆ. ಅಲ್ಲಿ ಕುಮಾರಸ್ವಾಮಿ ಬೆಟ್ಟದ ಕಾಡು ಸುತ್ತಲಿನ ಬಯಲಿಗಿಂತ ತಂಪಾದುದು, ಮಳೆಯೂ ಅಲ್ಲಿ ಹೆಚ್ಚು. ಅಲ್ಲಿಯ ಕಪ್ಪೆ ಅರಸನ ಕಾಲುವೆಯ ಹಂಗಿಲ್ಲದೆ ಬಾಳಿತು, ಕಬ್ಬಿಣದ ಅದಿರಿಗಾಗಿ ಬೆಟ್ಟಗಳನ್ನು ಅಗೆಯುವವರೆಗೆ.

ನಮ್ಮ ಮನೆಗಳಿಗೆ ಬರುವ ಸಾಮಾನ್ಯ ಮರಗಪ್ಪೆಯನ್ನು ಹೊಸಪೇಟೆಯಲ್ಲಿ ನೋಡದವರು ವಿರಳ. ಬೇಸಗೆಯಲ್ಲಿ ಹೊರಗಿನ ತೇವವೆಲ್ಲ ಆರಿದಾಗ ಅದು ಬಚ್ಚಲಿಗೆ ಬಂದು, ನೀರಿನ ತೊಟ್ಟಿಯ ಹಿಂಬದಿಯ ಗೋಡೆಗೆ ಕೈಕಾಲುಗಳನ್ನು ಮೈಯಡಿಗೆ ಮಡಿಸಿಕೊಂಡು, ಗಾರೆಯ ಬಣ್ಣಕ್ಕೆ ತನ್ನ ಬಣ್ಣವನ್ನು ಹೊಂದಿಸಿಕೊಂಡು, ಹಗಲೆಲ್ಲ ಮಿಸುಕದೆ ಅಂಟಿಕೊಂಡಿರುತ್ತದೆ. ಚೊಂಬಿನ ನೀರು ತಾಗಿ ಅದು ನೆಗೆದಾಗ ಮಾತ್ರ, ತೊಡೆಯ ಹಿಂಭಾಗದ ಕಪ್ಪಿನ ಮೇಲೆ ಹಳದಿಯ ದುಂಡು ಚುಕ್ಕೆಗಳು ಒಂದು ಕ್ಷಣ ಮಿಂಚಿ ಮರೆಯಾಗುತ್ತವೆ. ಬೆರಳ ತುದಿಯ ಬಿಲ್ಲೆಗಳು ನುಣುಪಾದ ಹೆಂಚನ್ನೂ ಹಿಡಿದು ನಿಲ್ಲುತ್ತವೆ. ಮಳೆ ಬಿದ್ದೊಡನೆ ಗಂಡು ನೀರಿನಂಚಿನಲ್ಲಿ ಕುಳಿತು ಟಕ್ ಟಕ್ಕೆಂದು ಕೂಗುತ್ತದೆ. ಹೆಣ್ಣು ನೀರಿನ ಮೇಲೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ತನ್ನ ದ್ರವವನ್ನು ಹಿಂಗಾಲಿನಿಂದ ಕಡೆದು ಬಿಳಿಯ ನೊರೆಗೂಡನ್ನು ಕಟ್ಟಿ ಅದರೊಳಗೆ ಮೊಟ್ಟೆಯಿಡುತ್ತದೆ. ಹೊರಗೆ ಹೆಪ್ಪುಗಟ್ಟಿ ಒಳಗೆ ಒದ್ದೆಯಾಗಿಯೇ ಉಳಿಯುವ ಆ ಗೂಡಿನಿಂದ ಕೆಲವು ದಿನಗಳ ಮೇಲೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಇಷ್ಟು ಅಚ್ಚುಕಟ್ಟಾಗಿ ಮನೆ ಕಟ್ಟಬಲ್ಲ ಜೀವಿಗೆ ನಾವು ಮನೆ ಕಟ್ಟಿಕೊಡಹೊರಟಿರುವುದು ಒಂದು ಬಗೆಯ ಸಾಹಸವೇ ಸರಿ.

ಆ ಸಾಹಸದ ಮೂಲ ಯುರೋಪಿನದು. ಜರ್ಮನ್ ನಾಡುಗಳಲ್ಲಿ ಹಸಿರು ಮರಗಪ್ಪೆಯೊಂದನ್ನು ಗಾಜಿನ ಭರಣಿಯಲ್ಲಿಟ್ಟು, ಒಳಗೊಂದು ಪುಟ್ಟ ಏಣಿಯನ್ನು ನಿಲ್ಲಿಸಿ, ಅದು ಮೇಲೇರಿದರೆ ಬಿಸಿಲು, ಕೆಳಗಿಳಿದರೆ ಮಳೆ ಎಂದು ಎಣಿಸುತ್ತಿದ್ದರು. ಲಂಡನಿನ ವೈದ್ಯ ನಥಾನಿಯಲ್ ವಾರ್ಡನು 1829ರ ಸುಮಾರಿಗೆ, ಪತಂಗದ ಕೋಶವೊಂದನ್ನು ಮುಚ್ಚಿದ ಸೀಸೆಯ ಹಸಿಮಣ್ಣಿನಲ್ಲಿಟ್ಟು ಕಾಯುತ್ತಿರುವಾಗ, ಬಯಸದ ಜರೀಗಿಡವೊಂದು ಅಲ್ಲಿ ಮೊಳೆತುದನ್ನು ಕಂಡು, ಮುಚ್ಚಿದ ಗಾಜಿನೊಳಗೆ ತೇವ ಆವಿಯಾಗಿ ಮತ್ತೆ ನೀರಾಗಿ ಇಳಿಯುತ್ತದೆಂಬ ತತ್ತ್ವವನ್ನು ಬಳಕೆಗೆ ತಂದನು. ಚೀನದ ಚಹಾ ಸಸಿಗಳು ಭಾರತಕ್ಕೆ ಬಂದದ್ದು ಅವನ ಪೆಟ್ಟಿಗೆಗಳಲ್ಲೇ. ನಮ್ಮಲ್ಲಿಯೂ ಕಪ್ಪೆಗೂ ಮಳೆಗೂ ನಂಟು ಕಲ್ಪಿಸಿದವರಿದ್ದಾರೆ: ನೆರೆಯ ತೆಲುಗು ಸೀಮೆಯಲ್ಲಿ ಒನಕೆಗೆ ಕಪ್ಪೆಯನ್ನು ಕಟ್ಟಿ ಬೇವಿನ ಸೊಪ್ಪಿನೊಡನೆ ಮನೆಮನೆಗೆ ಹೊರುತ್ತಾರೆ, ಉಡುಪಿಯಲ್ಲಿ 2019ರ ಜೂನ್ ತಿಂಗಳಲ್ಲಿ ಎರಡು ಕಪ್ಪೆಗಳಿಗೆ ಶಾಸ್ತ್ರೋಕ್ತವಾಗಿ ಮದುವೆಯನ್ನೇ ಮಾಡಿದರು. ಜರ್ಮನನು ಕಪ್ಪೆಯಿಂದ ಮಳೆಯ ಸುದ್ದಿಯನ್ನು ಕೇಳಿದನು, ನಮ್ಮವರು ಮಳೆಯನ್ನೇ ಕೇಳಿದರು. ಆದರೆ ನಮ್ಮವರು ಕೆಲಸ ಮುಗಿದ ಮೇಲೆ ಕಪ್ಪೆಯನ್ನು ಮನೆಯಲ್ಲಿಟ್ಟುಕೊಂಡು ಸಾಕಿದವರಲ್ಲ.

ಗಾಜಿನ ಮನೆಯನ್ನು ಕಟ್ಟುವವನು ಮೊದಲು ಕಂಪ್ಲಿಯ ಬಾಳೆತೋಟದ ಕಾಲುವೆಯ ದಡದಲ್ಲಿ ಒಂದು ಸಂಜೆ ಕುಳಿತು ನೋಡುವುದು ಒಳ್ಳೆಯದು. ಅಲ್ಲಿ ಕಪ್ಪೆ ನೆಲದ ಮೇಲೆ ಹರಡಿಕೊಂಡಿಲ್ಲ, ಏರಿ ಇಳಿದು ಬಾಳುತ್ತಿದೆ. ಆದುದರಿಂದ ಪೆಟ್ಟಿಗೆಯ ಅಗಲಕ್ಕಿಂತ ಎತ್ತರ ಹೆಚ್ಚಿರಬೇಕು. ಅಲ್ಲಿ ತೇವವಿದೆ, ಆದರೆ ಗಾಳಿಯೂ ಆಡುತ್ತಿದೆ. ಆದುದರಿಂದ ಮೇಲ್ಮುಚ್ಚಳ ಸಣ್ಣ ಕಣ್ಣಿನ ಜಾಲರಿಯದಾಗಿರಬೇಕು, ತಳದಲ್ಲಿ ತೆಂಗಿನ ನಾರಿನ ಪುಡಿಯೋ ತರಗೆಲೆಯೋ ಹಸಿಯಾಗಿದ್ದರೂ ಕೊಳೆಯಬಾರದು. ಕೊಂಬೆಗಳು ಬೇಕು, ಹಗಲು ಅಡಗಲು ಅಗಲವಾದ ಎಲೆಗಳು ಬೇಕು, ಮೈ ಅದ್ದಲು ಆಳವಿಲ್ಲದ ತಟ್ಟೆಯಲ್ಲಿ ನೀರು ಬೇಕು. ಆ ನೀರು ಕ್ಲೋರಿನ್ ಹಾಕಿದ ನಲ್ಲಿಯ ನೀರಾದರೆ ಕೊಡದಲ್ಲಿ ಒಂದು ದಿನ ಬಾಯ್ದೆರೆದಿಟ್ಟು ಆಮೇಲೆ ಬಳಸಬೇಕು, ಏಕೆಂದರೆ ಕಪ್ಪೆ ನೀರನ್ನು ಬಾಯಿಂದ ಕುಡಿಯದೆ ಚರ್ಮದಿಂದಲೇ ಹೀರುತ್ತದೆ. ಅದೇ ಕಾರಣದಿಂದ ಸಾಬೂನು, ಎಣ್ಣೆ, ಬೆವರು ಹತ್ತಿದ ಕೈ ಅದಕ್ಕೆ ಸೋಕಬಾರದು. ಆಹಾರ ಮಿಡುಕುವ ಹುಳುವೇ ಆಗಬೇಕು. ದೊಡ್ಡದರೊಡನೆ ಚಿಕ್ಕದನ್ನಿಟ್ಟರೆ ಚಿಕ್ಕದೇ ಆಹಾರವಾದೀತು. ಇಷ್ಟನ್ನೆಲ್ಲ ಮಾಡಿದ ಮೇಲೂ ಹೊಸಪೇಟೆಯ ಏಪ್ರಿಲ್ ಬಿಸಿಲು ಕಿಟಕಿಯಿಂದ ನೇರವಾಗಿ ಬಿದ್ದರೆ ಗಾಜಿನ ಮನೆ ಗಳಿಗೆಯೊಳಗೆ ಒಲೆಯಾಗುತ್ತದೆ.

ಪ್ರಾಣಿಯನ್ನು ತಂದು ಕೂಡುವ ಬದಲು ಅದು ಇದ್ದ ನೆಲಕ್ಕೇ ಎಲ್ಲೆ ಹಾಕುವ ಬುದ್ಧಿ ಈ ಸೀಮೆಗೆ ಬಂದದ್ದು ತೀರ ಈಚೆಗೆ. ಮೂಗಿಗೆ ಹಗ್ಗ ಪೋಣಿಸಿದ ಕರಡಿಯನ್ನು ಬೀದಿಯಲ್ಲಿ ಕುಣಿಸುತ್ತಿದ್ದ ಕಾಲ ನಮ್ಮಲ್ಲಿ ಅನೇಕರ ನೆನಪಿನಲ್ಲೇ ಇದೆ. ಜಾಂಬವಂತನ ಕಿಷ್ಕಿಂಧೆಯೆಂದು ಹೆಸರಾದ ಈ ನಾಡಿನಲ್ಲಿ, ದರೋಜಿಯ ಬಳಿಯ ಬಂಡೆಗುಡ್ಡಗಳನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಿದರು. 2015ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಳಗಣ ಮುದ್ಲಾಪುರದಿಂದ ಕಂಪ್ಲಿಯವರೆಗೆ ಹೊಳೆಯ 34 ಕಿಲೋಮೀಟರುಗಳನ್ನು ನೀರುನಾಯಿಗಳಿಗೆಂದು ಕಾದಿರಿಸಿದರು. ಕಮಲಾಪುರದ ಬಳಿ 2017ರಲ್ಲಿ ತೆರೆದ ಮೃಗಾಲಯವೂ ಬೋನಿಗಿಂತ ಬಯಲನ್ನೇ ನೆಚ್ಚಿದೆ. ದರೋಜಿಯಲ್ಲಿ ಇಂದಿಗೂ ಬಂಡೆಗಳ ಮೇಲೆ ಬೆಲ್ಲದ ಪಾಕವನ್ನು ಬಳಿದು ಕರಡಿಗಳನ್ನು ಪ್ರವಾಸಿಗರ ಕಣ್ಣಿಗೆ ಬರಿಸುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ರಜಾಕನು ಕಂಡ ಬೆಣ್ಣೆಯಲ್ಲದ್ದಿದ ಕಿಚಡಿಯುಂಡೆ ನೆನಪಾಗುತ್ತದೆ. ಸರಪಳಿ ಹೋಯಿತು, ಉಂಡೆ ಉಳಿಯಿತು.

ಅರಣ್ಯ ಇಲಾಖೆಯವರನ್ನು ಕೇಳದೆ ಕಾಡಿನ ಜೀವಿಯನ್ನು ಹಿಡಿದು ಮನೆಗೆ ತರುವುದು ತರವಲ್ಲ. ಮರಗಪ್ಪೆಯ ಮಟ್ಟಿಗೆ ಅದರ ಅಗತ್ಯವೂ ಇಲ್ಲ. ಹಿತ್ತಿಲಿನ ಬಾಳೆಯ ಬುಡದಲ್ಲಿ, ದನಕ್ಕೆ ನೀರಿಡುತ್ತಿದ್ದ ಹಳೆಯ ಕಲ್ಲುಬಾನಿಯೊಂದನ್ನು ನೆಲಮಟ್ಟಕ್ಕೆ ಹೂತು, ಮಳೆನೀರು ತುಂಬಲು ಬಿಟ್ಟು, ಬಾಲ ಕರಗಿದ ಮರಿಗಳು ಮೇಲೆ ಹತ್ತಿಬರುವಂತೆ ಒಂದು ಒರಟುಕಲ್ಲನ್ನು ಓರೆಯಾಗಿ ಒರಗಿಸಿಟ್ಟರೆ ಸಾಕು. ಮೀನು ಬಿಡಬಾರದು, ಅದು ಗೊದಮೊಟ್ಟೆಗಳನ್ನು ತಿಂದುಬಿಡುತ್ತದೆ. ಬಾನಿಯ ಮೇಲೆ ಬಾಗಿದ ಎಲೆಗಳನ್ನು ಆಷಾಢ ಶ್ರಾವಣಗಳು ಕಳೆಯುವವರೆಗೆ ಕತ್ತರಿಸಬಾರದು.