‘ಖಡ್ಗತ್ರಾತಾ’: ಕಾಜಿರಂಗದಲ್ಲಿ ಖಡ್ಗಮೃಗ ರಕ್ಷಣೆಯ ಇತಿಹಾಸ

ಗುಪ್ತಸಾಮ್ರಾಟನಾದ ಒಂದನೆಯ ಕುಮಾರಗುಪ್ತನು ಕ್ರಿ. ಶ. 5ನೆಯ ಶತಮಾನದಲ್ಲಿ ಹೊರಡಿಸಿದ ಚಿನ್ನದ ನಾಣ್ಯಗಳಲ್ಲಿ ಒಂದು ಬಗೆಯು ವಿಶೇಷವಾಗಿ ವಿಚಾರಾರ್ಹವಾದುದು. ಅದರ ಮುಂಬದಿಯಲ್ಲಿ ಅರಸನು ಕುದುರೆಯ ಮೇಲಿಂದ ಬಾಗಿ, ಎದುರು ನಿಂತ ಖಡ್ಗಮೃಗವನ್ನು ಕತ್ತಿಯಿಂದ ಹೊಡೆಯುತ್ತಿದ್ದಾನೆ. ಸುತ್ತಣ ಬರಹದಲ್ಲಿ ಅವನಿಗೆ ‘ಖಡ್ಗತ್ರಾತಾ’ ಎಂಬ ವಿಶೇಷಣವಿದೆ. 1946ರಲ್ಲಿ ಭರತಪುರ ಸೀಮೆಯ ಬಯಾನಾದ ಬಳಿ ದೊರೆತ ನಿಧಿಯಲ್ಲಿಯೂ ಈ ಬಗೆಯ ನಾಣ್ಯಗಳಿದ್ದುವು. ಖಡ್ಗವೆಂದರೆ ಕತ್ತಿಯೂ ಹೌದು, ಮೃಗವೂ ಹೌದು. ಆದಕಾರಣ ಈ ಪದವನ್ನು ತೃತೀಯೆಯಿಂದ ಬಿಡಿಸಿದರೆ ‘ಕತ್ತಿಯಿಂದ ಕಾಪಾಡುವವನು’ ಎಂದೂ, ಪಂಚಮಿಯಿಂದ ಬಿಡಿಸಿದರೆ ‘ಖಡ್ಗಮೃಗದ ದೆಸೆಯಿಂದ ಕಾಪಾಡುವವನು’ ಎಂದೂ ಅರ್ಥವಾಗುತ್ತದೆ. ‘ಖಡ್ಗಮೃಗವನ್ನೇ ಕಾಪಾಡುವವನು’ ಎಂಬ ಮೂರನೆಯ ಅರ್ಥವು ಆ ಕಾಲದ ಶಾಸನಕವಿಗೆ ಬೇಕಾಗಿರಲಿಲ್ಲ. ಅಂತಹ ತ್ರಾತೃವಿನ ಅವಶ್ಯಕತೆ ಹೇಗೆ ಒದಗಿತು, ಅವನು ಎಲ್ಲಿ ದೊರೆತನು ಎಂಬುದೇ ಈ ಮೃಗದ ಈಚಿನ ಚರಿತ್ರೆಯಾಗಿದೆ.

ಕನ್ನಡದಲ್ಲಿ ಖಡ್ಗಮೃಗವೆಂದೂ ಘೇಂಡಾಮೃಗವೆಂದೂ ಹೆಸರಾಗಿರುವ ಈ ಒಂಟಿಕೊಂಬಿನ ಪ್ರಾಣಿಯು ಪೂರ್ವದಲ್ಲಿ ಸಿಂಧೂನದಿಯ ಬಯಲಿನಿಂದ ಬ್ರಹ್ಮಪುತ್ರದವರೆಗೂ ಹಬ್ಬಿಕೊಂಡಿತ್ತು. ಸಿಂಧೂ ನಾಗರಿಕತೆಯ ಮುದ್ರೆಗಳಲ್ಲಿ ಇದರ ರೂಪವು ಚರ್ಮದ ಮಡಿಕೆಗಳೊಡನೆ ಸ್ಪಷ್ಟವಾಗಿ ಕೆತ್ತಲ್ಪಟ್ಟಿದೆ. ‘ಸುತ್ತನಿಪಾತ’ದ ಖಗ್ಗವಿಸಾಣ ಸುತ್ತವು ಏಕಾಂತಚಾರಿಯಾದ ಭಿಕ್ಷುವಿಗೆ ಇದರ ಕೊಂಬನ್ನೇ ಉಪಮಾನವಾಗಿ ಹೇಳುತ್ತದೆ. 16ನೆಯ ಶತಮಾನದಲ್ಲಿ ಬಾಬರನು ಪೇಷಾವರದ ಸಮೀಪದಲ್ಲಿ ಇದನ್ನು ಬೇಟೆಯಾಡಿದುದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಮುಂದಿನ ನಾಲ್ಕು ಶತಮಾನಗಳಲ್ಲಿ ಇದರ ನೆಲೆಯು ಪೂರ್ವಕ್ಕೆ ಸರಿಯುತ್ತ ಬಂದು, ಕಡೆಗೆ ನೇಪಾಳದ ತರಾಯಿ, ಉತ್ತರ ವಂಗ, ಅಸ್ಸಾಮು ಇವಿಷ್ಟರಲ್ಲಿಯೇ ನಿಂತಿತು.

ಈ ಹ್ರಾಸಕ್ಕೆ ಎರಡು ಕಾರಣಗಳು ಪ್ರಧಾನವಾದುವು. ಮೊದಲನೆಯದು ನೆಲ. ನದೀತೀರದ ಎತ್ತರವಾದ ಹುಲ್ಲುಗಾವಲೇ ಈ ಮೃಗದ ಮನೆ. ಅದೇ ನೆಲವು ಬೇಸಾಯಕ್ಕೂ ಅತ್ಯಂತ ಫಲವತ್ತಾದುದು. 19ನೆಯ ಶತಮಾನದಲ್ಲಿ ಅಸ್ಸಾಮಿನಲ್ಲಿ ಚಹದ ತೋಟಗಳೂ ಹೊಸ ಸಾಗುವಳಿಯೂ ಹೆಚ್ಚಿದಂತೆಲ್ಲ ಮೃಗಕ್ಕೆ ಎಡೆ ಕಿರಿದಾಯಿತು. ಎರಡನೆಯದು ಬೇಟೆ. ಕೂಚ್‌ಬಿಹಾರದ ಮಹಾರಾಜ ನೃಪೇಂದ್ರನಾರಾಯಣರು 1908ರಲ್ಲಿ ಪ್ರಕಟಿಸಿದ ಬೇಟೆಯ ಗ್ರಂಥವು ಮೂವತ್ತೇಳು ವರ್ಷಗಳ ಲೆಕ್ಕವನ್ನು ಕೊಡುತ್ತದೆ. ಅದರಲ್ಲಿ ಖಡ್ಗಮೃಗಗಳೇ ಇನ್ನೂರಕ್ಕೆ ಮೇಲ್ಪಟ್ಟಿವೆ. ಆ ಲೆಕ್ಕದಲ್ಲಿ ಮುಚ್ಚುಮರೆಯಿಲ್ಲ. ಏಕೆಂದರೆ ಅದು ಆಗ ಕೀರ್ತಿಯ ವಿಷಯವಾಗಿತ್ತು.

ಕಾಜಿರಂಗದ ಮೂಲವನ್ನು ಹೇಳುವವರು ಸಾಮಾನ್ಯವಾಗಿ ಲಾರ್ಡ್ ಕರ್ಜನ್ನನ ಪತ್ನಿಯ ಕಥೆಯಿಂದ ಆರಂಭಿಸುತ್ತಾರೆ. 1904ರಲ್ಲಿ ಆಕೆಯು ಆ ಪ್ರಾಂತಕ್ಕೆ ಹೋಗಿದ್ದಾಗ ಕೆಸರಿನಲ್ಲಿ ಹೆಜ್ಜೆಯ ಗುರುತುಗಳನ್ನು ಮಾತ್ರ ಕಂಡು, ಪತಿಯೊಡನೆ ಈ ವಿಷಯವನ್ನು ಪ್ರಸ್ತಾಪಿಸಿದಳೆಂದು ಪ್ರತೀತಿ. ಆಗ ಉಳಿದಿದ್ದುವು ಹನ್ನೆರಡೇ ಎಂಬ ಮಾತೂ ಇದರೊಡನೆ ಸೇರಿ ಬಂದಿದೆ. ಆಳೆತ್ತರದ ಹುಲ್ಲಿನಲ್ಲಿ ಆ ಕಾಲದಲ್ಲಿ ಕ್ರಮವಾದ ಗಣತಿ ಸಾಧ್ಯವಿರಲಿಲ್ಲವಾದುದರಿಂದ, ಈ ಸಂಖ್ಯೆಯನ್ನು ವಿರಳತೆಯ ಸೂಚನೆಯೆಂದು ಮಾತ್ರ ಗ್ರಹಿಸುವುದು ಯುಕ್ತ. ಸರಕಾರಿ ದಾಖಲೆಗಳ ಕ್ರಮವಾದರೋ ನಿಶ್ಚಿತವಾಗಿದೆ: 1905ರಲ್ಲಿ ಸುಮಾರು 232 ಚದರ ಕಿಲೋಮೀಟರುಗಳ ಕಾಡನ್ನು ಕಾದಿರಿಸುವ ಪ್ರಕಟನೆ, 1908ರಲ್ಲಿ ರಕ್ಷಿತಾರಣ್ಯ, 1916ರಲ್ಲಿ ಮೃಗರಕ್ಷಿತ ಪ್ರದೇಶ. 1938ರ ವೇಳೆಗೆ ಬೇಟೆಯು ನಿಷಿದ್ಧವಾಗಿ ಪ್ರೇಕ್ಷಕರಿಗೆ ಪ್ರವೇಶ ದೊರೆಯಿತು. 1954ರಲ್ಲಿ ಅಸ್ಸಾಮಿನ ಖಡ್ಗಮೃಗ ಸಂರಕ್ಷಣ ಶಾಸನ, 1972ರಲ್ಲಿ ಭಾರತದ ವನ್ಯಜೀವಿ ಸಂರಕ್ಷಣ ಶಾಸನ, 1974ರಲ್ಲಿ ರಾಷ್ಟ್ರೀಯ ಉದ್ಯಾನದ ಪದವಿ, 1985ರಲ್ಲಿ ವಿಶ್ವಪರಂಪರೆಯ ಪಟ್ಟಿಯಲ್ಲಿ ಸ್ಥಾನ.

ಹೀಗೆ ಶಾಸನದ ಮೇಲೆ ಶಾಸನವು ಬಂದರೂ ಮೃಗಕ್ಕೆ ಅಭಯವು ದೊರೆಯಲಿಲ್ಲ. ಅದರ ಪ್ರಕೃತಿಯೇ ಅದಕ್ಕೆ ಶತ್ರು. ಖಡ್ಗಮೃಗವು ಹುಲ್ಲಿನಲ್ಲಿ ತಾನು ಮಾಡಿಕೊಂಡ ದಾರಿಯಲ್ಲಿಯೇ ನಡೆಯುತ್ತದೆ. ಲದ್ದಿ ಹಾಕಲು ಮತ್ತೆ ಮತ್ತೆ ಅದೇ ಎಡೆಗೆ ಬರುತ್ತದೆ. ಮೂಗು ಕಿವಿಗಳು ಚುರುಕಾಗಿದ್ದರೂ ದೃಷ್ಟಿ ಮಂದ. ಇದನ್ನು ಬಲ್ಲ ಕಳ್ಳಬೇಟೆಗಾರನು ಹಿಂದೆ ಆ ದಾರಿಯಲ್ಲಿ ಗುಂಡಿ ತೋಡಿ ಹುಲ್ಲು ಮುಚ್ಚಿ ಕಾಯುತ್ತಿದ್ದನು. ಬಳಿಕ ಬಂದೂಕು ಬಂದಿತು. ಪೋಬಿತೋರಾದ ಕಡೆ ಮೇಲೆ ಹಾದುಹೋಗುವ ವಿದ್ಯುತ್ತಿನ ಸಾಲಿನಿಂದ ತಂತಿಯನ್ನು ಇಳಿಬಿಟ್ಟು ಕೊಂದುದೂ ಉಂಟು. ಇಷ್ಟೆಲ್ಲವೂ ಸಾಮಾನ್ಯವಾಗಿ ಒಂದು ಕಿಲೋಗ್ರಾಮಿಗಿಂತ ಕಡಮೆ ತೂಗುವ ಕೊಂಬಿಗಾಗಿ. ಆ ಕೊಂಬು ಮೂಳೆಯಲ್ಲ. ನಮ್ಮ ಉಗುರು ಕೂದಲುಗಳಲ್ಲಿರುವ ಪದಾರ್ಥವೇ ಅದರಲ್ಲಿಯೂ ಇರುವುದು. ಪೂರ್ವ ಏಷ್ಯದ ವೈದ್ಯದಲ್ಲಿ ಅದು ಜ್ವರಹರವೆಂದು ಪ್ರಸಿದ್ಧವಾದುದರಿಂದ ಅದಕ್ಕೆ ಬೆಲೆ ಬಂದಿತು. ಚೀನವು 1993ರಲ್ಲಿ ಅದರ ವ್ಯಾಪಾರವನ್ನು ನಿಷೇಧಿಸಿ ತನ್ನ ಔಷಧಕೋಶದಿಂದ ತೆಗೆದುಹಾಕಿದರೂ, ಗುಪ್ತವಾದ ಮಾರಾಟವು ನಿಲ್ಲಲಿಲ್ಲ. ಹೆಣ್ಣು ಮೃಗವು ಸುಮಾರು ಹದಿನಾರು ತಿಂಗಳು ಗರ್ಭವನ್ನು ಹೊತ್ತು ಒಂದೇ ಮರಿಯನ್ನು ಈಯುತ್ತದೆ. ಆದಕಾರಣ ಒಂದು ರಾತ್ರಿಯ ನಷ್ಟವು ವರ್ಷಗಳವರೆಗೆ ತುಂಬುವುದಿಲ್ಲ.

ನಿಷೇಧವು ಬೇರೆ, ರಕ್ಷಣೆಯು ಬೇರೆ ಎಂಬುದಕ್ಕೆ ಅಸ್ಸಾಮಿನ ಎರಡು ಕಾಡುಗಳೇ ನಿದರ್ಶನ. 1983ರಲ್ಲಿ ಆ ರಾಜ್ಯವು ಗಲಭೆಗಳಿಂದ ತತ್ತರಿಸುತ್ತಿದ್ದಾಗ, ಲಾವ್ಖೋವಾ ಅಭಯಾರಣ್ಯದಲ್ಲಿ ಕೆಲವೇ ತಿಂಗಳುಗಳಲ್ಲಿ ನಲವತ್ತಕ್ಕೂ ಹೆಚ್ಚು ಖಡ್ಗಮೃಗಗಳು ಹತವಾದುವು. ಮಾನಸವು 1985ರಲ್ಲಿ ಕಾಜಿರಂಗದೊಡನೆಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು. 1980ರ ದಶಕದ ಕೊನೆಯಲ್ಲಿ ಆ ಪ್ರಾಂತದಲ್ಲಿ ಅಶಾಂತಿಯು ಹಬ್ಬಿ ಕಾವಲುಠಾಣೆಗಳು ಬರಿದಾದುವು. ಮುಂದಿನ ದಶಕದಲ್ಲಿ ಅಲ್ಲಿನ ಖಡ್ಗಮೃಗಸಂತತಿಯೇ ಅಳಿಯಿತು. 1992ರಿಂದ 2011ರವರೆಗೆ ಮಾನಸವು ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಯಲ್ಲಿತ್ತು. 2008ರಿಂದೀಚೆಗೆ ಬೇರೆಡೆಯಿಂದ ಮೃಗಗಳನ್ನು ತಂದು ಬಿಡಬೇಕಾಯಿತು. ಆ ವರ್ಷಗಳಲ್ಲಿಯೂ 1972ರ ಶಾಸನವು ಜಾರಿಯಲ್ಲಿಯೇ ಇದ್ದಿತೆಂಬುದನ್ನು ಇಲ್ಲಿ ಲಕ್ಷಿಸಬೇಕು. ಹುಲ್ಲಿನ ನಡುವೆ ಕಾವಲುಗಾರನು ಇರಲಿಲ್ಲ, ಅಷ್ಟೆ.

ಕಾಜಿರಂಗವು ಉಳಿದುದಕ್ಕೆ ಕಾರಣವೂ ಇದೇ. ಅಲ್ಲಿ ನೂರಕ್ಕೂ ಮಿಕ್ಕ ಕಾವಲುಬಿಡಾರಗಳಿವೆ. ಮಳೆಗಾಲದಲ್ಲಿ ಬ್ರಹ್ಮಪುತ್ರವು ಉಕ್ಕಿ ಕಾಡಿನ ಬಹುಭಾಗವು ಮುಳುಗಿದಾಗ ಕಾವಲುಗಾರರು ಕಂಬಗಳ ಮೇಲೆ ನಿಂತ ಗುಡಿಸಲುಗಳಲ್ಲಿದ್ದು ದೋಣಿಗಳಲ್ಲಿ ಸಂಚರಿಸುತ್ತಾರೆ. ಉಳಿದ ಕಾಲದಲ್ಲಿ ಕಾಲ್ನಡಗೆ, ಇಲ್ಲವೆ ಆನೆಯ ಬೆನ್ನು. ಈ ದುಡಿಮೆಯ ಫಲವನ್ನು ಗಣತಿಗಳು ಹೇಳುತ್ತವೆ: 1966ರಲ್ಲಿ 366, 1984ರಲ್ಲಿ 1080, 1999ರಲ್ಲಿ 1552, 2022ರಲ್ಲಿ 2613. ಆದರೆ ಏರಿಕೆಯು ನಿರಾತಂಕವಾದುದಲ್ಲ. 2013 ಮತ್ತು 2014ರಲ್ಲಿ ಅಸ್ಸಾಮಿನಲ್ಲಿ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಮೃಗಗಳು ಕಳ್ಳಬೇಟೆಗೆ ಬಲಿಯಾದುವು. 2022ರಲ್ಲಿ ಒಂದೂ ಬಲಿಯಾಗಲಿಲ್ಲವೆಂದು ಸರಕಾರವು ಪ್ರಕಟಿಸಿತು.

ಈ ರಕ್ಷಣೆಗೆ ತೆತ್ತ ಬೆಲೆಯನ್ನು ಮರೆಮಾಡುವುದು ಇತಿಹಾಸಧರ್ಮವಲ್ಲ. 2010ರಲ್ಲಿ ಅಸ್ಸಾಮ್ ಸರಕಾರವು ಕರ್ತವ್ಯದಲ್ಲಿ ಆಯುಧವನ್ನು ಬಳಸಿದ ಅರಣ್ಯಸಿಬ್ಬಂದಿಗೆ ಕಾನೂನಿನ ರಕ್ಷಣೆಯನ್ನು ಕೊಟ್ಟಿತು. ಕಳ್ಳಬೇಟೆಗಾರರೆಂದು ಗುಂಡಿಗೆ ಬಲಿಯಾದವರ ವಿಚಾರದಲ್ಲಿ ತೀವ್ರವಾದ ಆಕ್ಷೇಪಗಳು ಎದ್ದಿವೆ. 2016ರಲ್ಲಿ ಕಾಡಿನ ಅಂಚಿನ ಹಳ್ಳಿಗಳನ್ನು ತೆರವು ಮಾಡಿಸುವಾಗ ಇಬ್ಬರು ಪ್ರಾಣ ಕಳೆದುಕೊಂಡರು. ಪ್ರವಾಹ ಬಂದಾಗ ಮೃಗಗಳು ಹೆದ್ದಾರಿಯನ್ನು ದಾಟಿ ಕಾರ್ಬಿ ಬೆಟ್ಟಗಳಿಗೆ ಹೋಗಲೇಬೇಕು. ಆ ದಾರಿಯು ತೋಟಗಳ, ಊರುಗಳ ನಡುವೆಯೇ ಇದೆ. ಆದುದರಿಂದ ಬೇಲಿಯೊಳಗಿನ ಬಂದೂಕೊಂದರಿಂದಲೇ ಕಾರ್ಯವು ಪೂರ್ಣವಾಗುವಂತಿಲ್ಲ. ಬೇಲಿಯ ಹೊರಗಿನ ಜನರಿಗೆ ಮೃಗವು ಬದುಕಿರುವುದರಲ್ಲಿ ಪಾಲು ದೊರೆಯದ ಹೊರತು, ಕೊಂಬಿನ ವ್ಯಾಪಾರಿಗೆ ದಾರಿ ತೋರುವವನು ದೊರೆಯುತ್ತಲೇ ಇರುವನು.

2021ನೆಯ ಸೆಪ್ಟೆಂಬರ್ 22ರಂದು ಬೋಕಾಖಾತಿನಲ್ಲಿ, ಸರಕಾರದ ಭಂಡಾರದಲ್ಲಿ ದಶಕಗಳಿಂದ ಸೇರಿದ್ದ 2479 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟರು. ಸತ್ತ ಮೃಗದ ಕೊಂಬಿಗೆ ಬೆಲೆಯಿಲ್ಲವೆಂದು ಲೋಕಕ್ಕೆ ಸಾರುವುದು ಅದರ ಉದ್ದೇಶವಾಗಿತ್ತು. ಕುಮಾರಗುಪ್ತನ ಕಾಲದಿಂದ ಆ ದಿನದವರೆಗೆ ಒಂದೇ ಪದದ ಅರ್ಥವು ಎಷ್ಟು ದೂರ ಸಾಗಿತೆಂಬುದು ಇದರಿಂದ ವಿದಿತವಾಗುತ್ತದೆ. ‘ಖಡ್ಗಸ್ಯ ತ್ರಾತಾ’ ಎಂದು ಷಷ್ಠಿಯಿಂದ ಬಿಡಿಸಿದರೆ, ತೃಜಂತದೊಡನೆ ಅಂತಹ ಸಮಾಸವು ಸಲ್ಲದೆಂದು ವೈಯಾಕರಣರು ಆಕ್ಷೇಪಿಸಬಹುದು. ಆದರೆ ವ್ಯಾಕರಣವು ಒಪ್ಪದ ಆ ವಿಗ್ರಹಕ್ಕೆ ಬ್ರಹ್ಮಪುತ್ರದ ದಂಡೆಯ ಕಾವಲುಬಿಡಾರಗಳು ಪ್ರಯೋಗವನ್ನು ಒದಗಿಸಿವೆ. ನಾಣ್ಯದ ಮೇಲೆ ಹೆಸರು ಅಚ್ಚಾಗದ ಆ ಕಾವಲುಗಾರರಿಗೇ ಇಂದು ಆ ಬಿರುದು ಸಲ್ಲತಕ್ಕದ್ದು.